ಬೇಗಂ ಬಜಾರಿನ ಬಾಕಿ ಲೆಕ್ಕ

"ಬೇಗಂ ಬಜಾರಿನ ಕಥೆ ಮುಗೀತು" ಎಂಬ ಮಾತು ಹೈದರಾಬಾದಿನಲ್ಲಿ ಆಗಾಗ ಕೇಳಿಬರುತ್ತದೆ. ಹೇಳುವವರು ಹೆಚ್ಚಾಗಿ ಊರಿನ ಪಶ್ಚಿಮಕ್ಕೆ, ಹೈಟೆಕ್ ಸಿಟಿ ಕಡೆ ಮನೆ ಮಾಡಿಕೊಂಡವರು. ದೀಪಾವಳಿಗೆ ಮುಂಚೆ ಅಲ್ಲಿಗೆ ಹೋಗಿ ಬಂದವರನ್ನು ಕೇಳಿ ನೋಡಿ: "ಕಾಲಿಡೋಕೆ ಜಾಗ ಇಲ್ಲ, ಮುಗಿಯೋದೆಲ್ಲಿ ಬಂತು?" ಅಂತಾರೆ. ಎರಡೂ ಮಾತು ನಿಜ. ವ್ಯಾಪಾರ ಇದೆ, ಆದರೆ ಊರು ಸೊರಗುತ್ತಿದೆ. ಇಂಥ ಹಳೆಯ ಪೇಟೆಗೆ ಮತ್ತೆ ಜೀವ ಬಂದೀತೆ ಎಂಬುದೇ ಪ್ರಶ್ನೆ.

ಬೀದರ್, ಕಲಬುರಗಿ ಕಡೆಯವರಿಗೆ ಈ ಜಾಗದ ಪರಿಚಯ ಹೇಳಬೇಕಾಗಿಲ್ಲ. ಮೈಸೂರು, ಮಂಗಳೂರು ಕಡೆಯ ಓದುಗರಿಗಾಗಿ ಹೇಳುತ್ತೇನೆ. ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆಗಳನ್ನು ಒಟ್ಟಿಗೆ ನೆನೆಸಿಕೊಳ್ಳಿ. ಮೂಸಿ ನದಿಯ ಉತ್ತರ ದಂಡೆಯಲ್ಲಿ, ಅಫ್ಜಲ್‌ಗಂಜ್‌ಗೆ ಅಂಟಿಕೊಂಡು ಇರುವ ಸಗಟು ಪೇಟೆ ಇದು. ಒಣಹಣ್ಣು, ಮಸಾಲೆ, ಸ್ಟೀಲು ಹಿತ್ತಾಳೆ ಪಾತ್ರೆ, ಪ್ಲಾಸ್ಟಿಕ್ಕು, ಆಟಿಕೆ, ಬಳೆ, ರಾಖಿ, ಪೂಜೆ ಸಾಮಾನು, ಏನು ಬೇಕಾದರೂ ಇಲ್ಲಿ ಸಿಗುತ್ತದೆ. 1762ರಿಂದ 1803ರವರೆಗೆ ಆಳಿದ ಎರಡನೆಯ ನಿಜಾಮ ಅಲಿ ಖಾನರ ಪತ್ನಿ ಹುಮ್ದಾ ಬೇಗಂ ಈ ನೆಲವನ್ನು ವ್ಯಾಪಾರಿಗಳಿಗೆ ದಾನ ಕೊಟ್ಟರು, ಅದರಿಂದ ಈ ಹೆಸರು ಎಂಬುದು ಊರವರು ಹೇಳಿಕೊಂಡು ಬಂದ ಮಾತು.

ಅಂದು ಇದು ಬರೀ ಸಾಮಾನು ಮಾರುವ ಜಾಗವಾಗಿರಲಿಲ್ಲ, ರಾಜ್ಯದ ಬ್ಯಾಂಕೇ ಆಗಿತ್ತು. ಮಾರವಾಡಿ, ಅಗರವಾಲ, ಗೋಸಾವಿ ಸಾಹುಕಾರರ ಪೇಢಿಗಳು ಇಲ್ಲಿದ್ದವು. ಗೋಸಾವಿಗಳದು ವಿಶೇಷ. ಅವರದು ಮಠ, ಆಸ್ತಿ ಮಗನಿಗಲ್ಲ, ಶಿಷ್ಯನಿಗೆ ಹೋಗುತ್ತಿತ್ತು. ಆದರೆ ಮಾಡುತ್ತಿದ್ದದ್ದು ಲೇವಾದೇವಿ! ನಿಜಾಮರ ಸರ್ಕಾರ ಇಂಥವರಿಂದ ಸಾಲ ಎತ್ತಿ, ಅದಕ್ಕೆ ಬದಲಾಗಿ ಜಿಲ್ಲೆಗಳ ಕಂದಾಯವನ್ನು ಬರೆದುಕೊಡುತ್ತಿತ್ತು. 1853ರಲ್ಲಿ ದಿವಾನರಾದ ಮೊದಲನೆಯ ಸಾಲಾರ್ ಜಂಗ್ ಕಂದಾಯ ವಸೂಲಿಯನ್ನು ಸರ್ಕಾರದ ಕೈಗೆ ತಂದ ಮೇಲೆ ಸಾಹುಕಾರರ ಹಿಡಿತ ಸಡಿಲವಾಯಿತು. ಅಂದರೆ ಬೇಗಂ ಬಜಾರ್ ಒಂದು ಸಲ ಆಗಲೇ 'ಮುಗಿದಿತ್ತು'. ರಾಜ್ಯಕ್ಕೆ ಸಾಲ ಕೊಡುವ ದಂಧೆ ಹೋಯಿತು, ಚಿಲ್ಲರೆ ಅಂಗಡಿಯವನಿಗೆ ಉದ್ರಿ ಕೊಡುವ ದಂಧೆ ಉಳಿಯಿತು. ಪೇಟೆ ಬದುಕಿಕೊಂಡಿತು.

ಎರಡನೆಯ ಪೆಟ್ಟು ನದಿಯಿಂದ ಬಂತು. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಸಾವಿರಾರು ಜನ ಸತ್ತರು. ಅಫ್ಜಲ್‌ಗಂಜ್ ಸುತ್ತಮುತ್ತ ಕೊಚ್ಚಿಹೋಯಿತು. ಮರುವರ್ಷ ನಿಜಾಮ ಸರ್ಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಮುಂಬಯಿ ಪ್ರಾಂತ್ಯದ ನೌಕರಿ ಬಿಟ್ಟಿದ್ದರು. ಮೈಸೂರಿನ ಚೀಫ್ ಎಂಜಿನಿಯರ್ ಆಗುವುದಕ್ಕೆ ಇನ್ನೂ ಕೆಲವು ತಿಂಗಳಿತ್ತು. ಅವರು ಪ್ರವಾಹದ ಕಾರಣವನ್ನು ಊರೊಳಗೆ ಹುಡುಕಲಿಲ್ಲ. ಮೇಲಿನ ಜಲಾನಯನದಲ್ಲಿ ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದಿದ್ದನ್ನು ಲೆಕ್ಕ ಹಾಕಿ, ನೀರನ್ನು ಅಲ್ಲೇ ತಡೆಯಲು ಹೇಳಿದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಬಂದವು. ಊರೊಳಗಿನ ಚರಂಡಿ ವ್ಯವಸ್ಥೆಗೂ ಅವರ ಸಲಹೆ ಇತ್ತು. 1912ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಬೋರ್ಡ್ ಹುಟ್ಟಿತು. ಪತ್ಥರಗಟ್ಟಿಯ ಕಲ್ಲಿನ ಕಮಾನುಗಳ ಬೀದಿ, 1935ರ ಮೊಅಜ್ಜಂ ಜಾಹಿ ಮಾರ್ಕೆಟ್ ಇವೆಲ್ಲ ಆ ಬೋರ್ಡಿನ ಕಾಲದ್ದು. ರಸ್ತೆ ಅಗಲ ಮಾಡುವಾಗ ಬಡವರ ಗುಡಿಸಲು ಹೋದದ್ದೂ ಉಂಟು. ಆದರೆ ಒಂದು ವಿಷಯ ಗಮನಿಸಬೇಕು. ಬಜಾರನ್ನು ಎತ್ತಿ ಬೇರೆಡೆ ಇಡಲಿಲ್ಲ. ಅದರ ಕಾಲಡಿಯ ನೆಲವನ್ನು ಭದ್ರ ಮಾಡಿದರು.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಬೀದರ್, ಗುಲ್ಬರ್ಗ, ರಾಯಚೂರು ನಮ್ಮ ಕಡೆ ಬಂದವು. ಭೂಪಟ ಹರಿಯಿತು, ಖಾತೆ ಪುಸ್ತಕ ಹರಿಯಲಿಲ್ಲ. ರಾಜಧಾನಿ ಬೆಂಗಳೂರಾದರೂ ಬೀದರಿನ ಕಿರಾಣಿ ಅಂಗಡಿಯವನಿಗೆ ಹತ್ತಿರದ ಸಗಟು ಪೇಟೆ ಇದೇ. ಬೆಳಿಗ್ಗೆ ಬಸ್ಸಿಗೆ ಬಂದು, ಹತ್ತಿಪ್ಪತ್ತು ಅಂಗಡಿ ಕಾಲ್ನಡಿಗೆಯಲ್ಲೇ ಸುತ್ತಿ, ಅರ್ಧ ರೊಕ್ಕ ಅರ್ಧ ಉದ್ರಿ ಮಾಡಿ, ಮೂಟೆಗಳನ್ನು ಹಮಾಲನಿಗೆ ಹೊರಿಸಿ, ರಾತ್ರಿ ಊರು ಸೇರುತ್ತಾನೆ. ಬ್ಯಾಂಕಿನಲ್ಲಿದ್ದಾಗ ನಾವು ಇಂಥ ಅಂಗಡಿಗಳ ಸ್ಟಾಕು ಎಣಿಸಿ, ಸ್ಟೇಟ್‌ಮೆಂಟು ನೋಡಿ, ಸಾಲದ ಮಿತಿ ಗೊತ್ತು ಮಾಡುತ್ತಿದ್ದೆವು. ಆದರೆ ಅಂಗಡಿಯ ನಿಜವಾದ ಆಸ್ತಿ ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಬರುವುದಿಲ್ಲ. ಅದು ಪತ್ತು. 'ಇವನ ಅಪ್ಪನೂ ಇಲ್ಲೇ ಒಯ್ಯುತ್ತಿದ್ದ, ಹಬ್ಬ ಆದ ಮೇಲೆ ಕೊಡುತ್ತಾನೆ' ಎನ್ನುವ ನಂಬಿಕೆ. ಅದಕ್ಕೆ ಅಡಮಾನವಿಲ್ಲ, ಜಾಮೀನಿಲ್ಲ.

ಹಾಗಾದರೆ ಸೊರಗಿದ್ದು ಯಾವುದು? ವಾಸ. ಹಿಂದೆ ಕೆಳಗೆ ಅಂಗಡಿ, ಮೇಲೆ ಮನೆ ಇರುತ್ತಿತ್ತು. ಶೇಠಜಿಗಳ ಮಕ್ಕಳು ಹಿಮಾಯತ್‌ನಗರ, ಬಂಜಾರಾ ಹಿಲ್ಸ್ ಸೇರಿದರು. 1998ರಲ್ಲಿ ಸೈಬರ್ ಟವರ್ಸ್ ತೆರೆದ ಮೇಲೆ ಊರಿನ ಮುಖವೇ ಪಶ್ಚಿಮಕ್ಕೆ ತಿರುಗಿತು. ಮೇಲಿನ ಮನೆಗಳು ಗೋದಾಮುಗಳಾದವು. ರಾತ್ರಿ ದೀಪ ಹಚ್ಚುವವರಿಲ್ಲದ ಕಟ್ಟಡವನ್ನು ರಿಪೇರಿ ಮಾಡಿಸುವವರೂ ಇರುವುದಿಲ್ಲ. ನೆಲದ ಕೆಳಗಂತೂ ಕೇಳಲೇಬೇಡಿ. 2022ರ ಡಿಸೆಂಬರಿನಲ್ಲಿ ಪಕ್ಕದ ಗೋಶಾಮಹಲ್‌ನಲ್ಲಿ ನಾಲೆಯ ಮೇಲೆ ಹಾಕಿದ್ದ ರಸ್ತೆ ಕುಸಿದು, ನಿಂತಿದ್ದ ವಾಹನ, ತರಕಾರಿ ಗಾಡಿ ಎಲ್ಲ ಒಳಗೆ ಹೋದವು.

ಮದ್ದು ಹೇಳುವವರು ಎರಡು ಬಗೆ. ಒಬ್ಬರು 'ಸಗಟು ಪೇಟೆಯನ್ನು ಊರ ಹೊರಗೆ ಸಾಗಿಸಿ' ಅನ್ನುತ್ತಾರೆ. ಗಡ್ಡಿಅನ್ನಾರಂ ಹಣ್ಣಿನ ಮಾರುಕಟ್ಟೆಯನ್ನು 2021ರಲ್ಲಿ ಬಾಟಸಿಂಗಾರಂಗೆ ಸಾಗಿಸಲು ಹೊರಟಾಗ ವ್ಯಾಪಾರಿಗಳು ಹೈಕೋರ್ಟಿಗೆ ಹೋದರು. ಅಲ್ಲಾದರೂ ಹಣ್ಣು ಲಾರಿಯಲ್ಲಿ ಬಂದು ಲಾರಿಯಲ್ಲೇ ಹೋಗುತ್ತದೆ, ಹೆದ್ದಾರಿ ಬದಿ ಅದಕ್ಕೆ ಒಪ್ಪೀತು. ಬೇಗಂ ಬಜಾರಿನ ಗಿರಾಕಿ ಲಾರಿಯವನಲ್ಲ, ಬಸ್ಸಿನವನು. ಅವನಿಗೆ ಇಪ್ಪತ್ತು ಬಗೆಯ ಸಾಮಾನು ಒಂದೇ ಸುತ್ತಿನಲ್ಲಿ ಸಿಗಬೇಕು. ಒಣಹಣ್ಣು ಒಂದು ದಿಕ್ಕಿಗೆ, ಪಾತ್ರೆ ಒಂದು ದಿಕ್ಕಿಗೆ ಹೋದರೆ ದೊಡ್ಡವರು ಹೇಗೋ ಬದುಕುತ್ತಾರೆ, ಎರಡು ಚೀಲದವನು ಕೆಡುತ್ತಾನೆ.

ಇನ್ನೊಬ್ಬರು 'ಹಳೇ ಕಟ್ಟಡಕ್ಕೆ ಮೆರುಗು ಕೊಡಿ' ಅನ್ನುತ್ತಾರೆ. ಮೊಅಜ್ಜಂ ಜಾಹಿ ಮಾರ್ಕೆಟ್ಟನ್ನು ಹಾಗೇ ದುರಸ್ತಿ ಮಾಡಿ 2020ರ ಆಗಸ್ಟ್‌ನಲ್ಲಿ ತೆರೆದರು. ಒಳ್ಳೆಯ ಕೆಲಸ, ಸಂಜೆ ಐಸ್‌ಕ್ರೀಮ್ ತಿನ್ನುವವರಿಂದ ಅಂಗಳ ತುಂಬುತ್ತದೆ. ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದ ಮೇಲೆ ಕೆಡವಬೇಕೋ ಉಳಿಸಬೇಕೋ ಅಂತ ವರ್ಷಗಟ್ಟಲೆ ಕೋರ್ಟಿನಲ್ಲಿ ವಾದ ನಡೆಯಿತಲ್ಲ, ಅದಕ್ಕೆ ಹೋಲಿಸಿದರೆ ಇದು ಮೇಲು. ಆದರೆ ಅದು ಸರ್ಕಾರದ ಒಂದೇ ಕಟ್ಟಡ. ಬೇಗಂ ಬಜಾರಿನಲ್ಲಿ ಪ್ರತಿ ಗೋಡೆಗೂ ಬೇರೆ ಮಾಲೀಕ, ಬೇರೆ ಬಾಡಿಗೆದಾರ, ಪಾಲಿನ ವ್ಯಾಜ್ಯ. ಮುಂಬಾಗಿಲಿಗೆ ಬಣ್ಣ ಬಳಿದರೆ ಒಳಗಿನ ಜಗಳ ತೀರುವುದಿಲ್ಲ.

ಈಗ ಮೂರನೆಯದೊಂದು ಬರುತ್ತಿದೆ. ಉಸ್ಮಾನಿಯಾ ಜನರಲ್ ಆಸ್ಪತ್ರೆಯ ಹೊಸ ಕಟ್ಟಡಕ್ಕೆ 2025ರ ಜನವರಿ 31ರಂದು ಗೋಶಾಮಹಲ್ ಮೈದಾನದಲ್ಲಿ ಅಡಿಗಲ್ಲು ಹಾಕಿದರು. 2,000 ಹಾಸಿಗೆಯ ಯೋಜನೆ. ರೋಗಿಗಳ ಕಡೆಯವರು, ನರ್ಸುಗಳು, ಡಾಕ್ಟರುಗಳು ಅಂತ ರಾತ್ರಿಯೂ ಜನ ಇರುತ್ತಾರೆ. ಖಾಲಿ ಮಾಳಿಗೆಗಳಿಗೆ ಬಾಡಿಗೆದಾರರು ಬರಬಹುದು. ಆದರೆ ಅದೇ ಗಲ್ಲಿಗಳು, ಅದೇ ನಾಲೆಗಳು. ಗಲ್ಲಿಗಳು ಉಸಿರುಗಟ್ಟುತ್ತವೆ ಎಂದು ಸ್ಥಳೀಯರು ವಿರೋಧಿಸಿದ್ದರಲ್ಲಿ ಅರ್ಥವಿದೆ. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಮೇಲಿನ ಎರಡು ಸಾಗರಗಳಿಂದ ನೀರು ಬಿಟ್ಟಾಗ, ನಮ್ಮ ಕಲಬುರಗಿ ಬಸ್ಸುಗಳು ಬಂದು ನಿಲ್ಲುವ ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೇ ಮೂಸಿ ನುಗ್ಗಿತು. ನೂರಾ ಹದಿನೇಳು ವರ್ಷದ ಹಿಂದಿನ ಅದೇ ವಾರ!

ಆದ್ದರಿಂದ ನನ್ನ ಲೆಕ್ಕ ಇಷ್ಟು. ಪತ್ತು ಇನ್ನೂ ಉಳಿದಿರುವ ಪೇಟೆಗೆ ಜೀವ ತುಂಬಬೇಕಾಗಿಲ್ಲ, ಇರುವ ಜೀವ ಹೋಗದಂತೆ ನೋಡಿಕೊಂಡರೆ ಸಾಕು. ಮೊದಲು ನಾಲೆ ಮತ್ತು ಚರಂಡಿ, ಆಮೇಲೆ ಲಾರಿಗಳಿಗೆ ರಾತ್ರಿಯ ಹೊತ್ತು, ಆಮೇಲೆ ಮಾಳಿಗೆ ಮನೆಗಳ ರಿಪೇರಿಗೆ ಸುಲಭ ಸಾಲ. ಬಣ್ಣ ಕೊನೆಗೆ ಬಳಿಯಬಹುದು. 1908ರ ನಂತರದವರು ಹಿಡಿದ ಕ್ರಮ ಇದೇ. ಅದರ ಬಡ್ಡಿಯಲ್ಲಿ ಈ ಊರು ಒಂದು ಶತಮಾನ ತಿಂದಿತು. ಈಗ ಅಸಲು ಹಾಕುವ ಸರದಿ.