ಎಳೆಯರ ಪೀಡೆ ಮತ್ತು ಹಿರಿಯರ ಮದ

ತಂದೆಯ ಕ್ರೌರ್ಯಕ್ಕೆ ಅಂಜಿ ಉತ್ತರ ಮಥುರೆಯಿಂದ ಬಂದ ಜಿನದತ್ತರಾಯನಿಗೆ ಹೊಸನಗರ ತಾಲ್ಲೂಕಿನ ಹೊಂಬುಜವು ಆಶ್ರಯವಿತ್ತಿತೆಂಬುದು ಐತಿಹ್ಯ. ಪೀಡಿತನಿಗೆ ನೆರಳಾದ ಈ ನೆಲದವರು ಶಾಲೆಗಳಲ್ಲಿ ಮಕ್ಕಳೇ ಮಕ್ಕಳನ್ನು ಪೀಡಿಸುವ ವಿಷಯವನ್ನು ಕಡೆಗಣಿಸಲಾಗದು.

ಈ ಪೀಡೆ ಎಲ್ಲೆಡೆಯೂ ಉಂಟು; ಅದರ ರೂಪ ಮಾತ್ರ ಬೇರೆ. ನಾರ್ವೆಯಲ್ಲಿ 1983ರಲ್ಲಿ ರಾಷ್ಟ್ರವ್ಯಾಪಿ ಅಭಿಯಾನ ನಡೆದಾಗ, ಬಲಶಾಲಿಯು ದುರ್ಬಲನನ್ನು ಪದೇ ಪದೇ ನೋಯಿಸುವುದನ್ನು ವಿದ್ವಾಂಸ ಡಾನ್ ಓಲ್ವೇಯಸ್ ಮುಖ್ಯವಾಗಿ ಗುರುತಿಸಿದರು. ಜಪಾನಿನ ‘ಇಜಿಮೆ’ಯಲ್ಲಿ ಇಡೀ ತರಗತಿಯೇ ಒಬ್ಬನನ್ನು ದೂರವಿಡುವುದುಂಟು; ಅದರ ತಡೆಗೆ 2013ರಲ್ಲಿ ಕಾನೂನೇ ಬಂದಿತು. ನಮ್ಮಲ್ಲಿಯಾದರೋ ಜಾತಿ, ಕುಲ, ಸಿರಿಗಳ ಹೀಯಾಳಿಕೆಯೇ ಹೆಚ್ಚು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಹೋರಾಡಿದ್ದು ಕೊಳಗದ ಅಳತೆಗಷ್ಟೇ ಅಲ್ಲ, ಮಾನಕ್ಕಾಗಿಯೂ ಹೌದು. ಹಿರಿಯರ ಮೇಲುಕೀಳೆಣಿಕೆಯೇ ಕಿರಿಯರ ಬಾಯಲ್ಲಿ ಅಡ್ಡಹೆಸರಾಗುತ್ತದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಎಂಟು ಮದಗಳಲ್ಲಿ ಬಲ, ಕುಲ, ಜಾತಿ, ಐಶ್ವರ್ಯಗಳೂ ಸೇರಿವೆ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಹೊಡೆಯುವುದನ್ನಲ್ಲದೆ, ಅತಿಭಾರ ಹೊರಿಸುವುದನ್ನೂ ಅನ್ನಪಾನ ತಡೆಯುವುದನ್ನೂ ಎಣಿಸಿದೆ. ಸಹಪಾಠಿಯ ಮೇಲೆ ತನ್ನ ಚೀಲ ಹೊರಿಸುವುದು, ಬುತ್ತಿ ಕಸಿಯುವುದು ಇವುಗಳಿಗೆ ದೂರವಾದುವಲ್ಲ.

ಸಾಗರ, ತೀರ್ಥಹಳ್ಳಿ, ಹೊಸನಗರಗಳ ಬಸದಿಗಳಲ್ಲಿ ಮಕ್ಕಳಿಗೆ ಣಮೋಕಾರದೊಡನೆ ಇದನ್ನೂ ತಿಳಿಹೇಳುವುದು ಯೋಗ್ಯ. ಆದರೆ ಅಂಗಡಿಯಲ್ಲಿ ಆಳನ್ನು ಕರೆಯುವ ನಮ್ಮ ಮಾತೇ ಮಗುವಿಗೆ ಮೊದಲ ಪಾಠ. ತಿದ್ದುವಿಕೆ ಅಲ್ಲಿಂದಲೇ ಆರಂಭವಾಗಬೇಕು.