ವಶೀಲಿ, ಬದಲಿ ಕಾರ್ಡು, ರೆಫರಲ್: ಕೆಲಸ ಕೊಡೋರ ನೂರು ವರ್ಷದ ಕಥೆ

ಈ ವಾರದ ಮಾತಿನ ಬರಹ ರೂಪ ಇದು. ಓದೋರಿಗೆ ಅನುಕೂಲ ಆಗಲಿ ಅಂತ ಇಸವಿಗಳನ್ನು ವಿಡಿಯೋಗಿಂತ ಸ್ವಲ್ಪ ಹೆಚ್ಚೇ ಸೇರಿಸಿದ್ದೇನೆ.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್ ಕಡೆಯ ಹುಡುಗ ಹುಡುಗಿಯರು ನನ್ನನ್ನು ಹೆಚ್ಚಾಗಿ ಕೇಳೋ ಪ್ರಶ್ನೆ ಒಂದೇ: "ಒಳಗೆ ಯಾರಾದರೂ ಗೊತ್ತಿದ್ರೆ ಮಾತ್ರ ಕೆಲಸ ಸಿಗೋದಾ?" ಸಣ್ಣಪುಟ್ಟ ಕಂಪನಿ, ಹೋಟೆಲು, ವರ್ಕ್‌ಶಾಪ್ ನಡೆಸೋರು ಕೇಳೋದು ಇನ್ನೊಂದು: "ಗೊತ್ತಿಲ್ಲದವರನ್ನ ಹೇಗೆ ನಂಬಿ ಒಳಗೆ ಬಿಟ್ಕೊಳ್ಳೋದು?" ಎರಡೂ ಒಂದೇ ಬಾಗಿಲಿನ ಪ್ರಶ್ನೆ. ಒಬ್ಬರು ಹೊರಗೆ ನಿಂತು ಕೇಳ್ತಿದ್ದಾರೆ, ಇನ್ನೊಬ್ಬರು ಒಳಗಿಂದ. ಈ ಬಾಗಿಲಿನ ಹತ್ತಿರ ಯಾವಾಗಲೂ ಮೂರನೆಯವನೊಬ್ಬ ನಿಂತಿರ್ತಾನೆ. ಇವತ್ತಿನ ಕಥೆ ಆ ಮೂರನೆಯವನದು.

ಅವನಿಗೆ ಊರಿಗೊಂದು ಹೆಸರು. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಕ್ಕೆ ಆಳು ಕರ್ಕೊಂಡು ಬರೋನು ಮೇಸ್ತ್ರಿ. ಆ ಪದವೇ ಪೋರ್ಚುಗೀಸರಿಂದ ಬಂದದ್ದು. ಅಸ್ಸಾಮಿನ ಚಹಾ ತೋಟಕ್ಕೆ ಸರ್ದಾರ, ಸಿಂಹಳ ಮತ್ತು ಮಲಯಾದ ತೋಟಗಳಿಗೆ ಕಂಗಾಣಿ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಅವನು ಜಾಬರ್, ಜನರ ಬಾಯಲ್ಲಿ ಮುಕಾದಮ. ಹೆಂಗಸರು ಕೆಲಸ ಮಾಡೋ ರೀಲಿಂಗ್, ವೈಂಡಿಂಗ್ ಖಾತೆಗಳಲ್ಲಿ ಅದೇ ಕೆಲಸಕ್ಕೆ ನಾಯಕಿಣ್ ಅಂತ ಒಬ್ಬ ಹೆಂಗಸು ಇರ್ತಿದ್ದಳು.

ಮುಂಬಯಿಯ ಮೊದಲ ಗಿರಣಿಯನ್ನು ಕಾವಸ್‌ಜಿ ದಾವರ್ 1854ರಲ್ಲಿ ಸ್ಥಾಪಿಸಿದರು. ಮುಂದಿನ ಐವತ್ತು ವರ್ಷಗಳಲ್ಲಿ ಪರಳ್, ಲಾಲ್‌ಬಾಗ್, ವರ್ಳಿ ಕಡೆಯೆಲ್ಲ ಚಿಮಣಿಗಳು ಎದ್ದವು. ಕೆಲಸಕ್ಕೆ ಜನ ಬಂದದ್ದು ರತ್ನಾಗಿರಿ, ಸಾತಾರಾ ಮತ್ತು ಘಟ್ಟದ ಮೇಲಿನ ಜಿಲ್ಲೆಗಳಿಂದ. ಮಾಲೀಕರಿಗೆ ಈ ಜನರ ಗುರುತಿಲ್ಲ, ಮ್ಯಾನೇಜರಿಗೆ ಅವರ ಭಾಷೆ ಸರಿಯಾಗಿ ಬರಲ್ಲ. ನೂಲಿಗೆ ಬೇಡಿಕೆ ಏರಿದಾಗ ಆಳು ಬೇಕು, ಇಳಿದಾಗ ಬೇಡ. ಮಳೆ ಬಿತ್ತು ಅಂದ್ರೆ, ಕೊಯ್ಲು ಬಂತು ಅಂದ್ರೆ ಕೆಲಸಗಾರ ಊರಿಗೆ ಹೊರಟುಬಿಡ್ತಾನೆ. ಯಂತ್ರ ಮಾತ್ರ ನಿಲ್ಲೋ ಹಾಗಿಲ್ಲ. ಇಂಥ ಹೊತ್ತಲ್ಲಿ ಬೆಳಿಗ್ಗೆ ಗೇಟಿನ ಮುಂದೆ ನಿಂತು "ನೀನು ಬಾ, ನೀನು ಬಾ" ಅಂತ ಜನ ಆರಿಸೋ ಒಬ್ಬ ಬೇಕಾಗಿದ್ದ. ಅವನೇ ಜಾಬರ್.

ಜಾಬರ್ ಅಂದ್ರೆ ಬರೀ ದಲ್ಲಾಳಿ ಅಲ್ಲ, ಇದನ್ನ ಗಮನಿಸಬೇಕು. ಅವನೇ ಖಾತೆಯ ಮೇಲ್ವಿಚಾರಕ, ಅವನೇ ಮಗ್ಗ ರಿಪೇರಿ ಗೊತ್ತಿದ್ದವನು, ಹೊಸಬನಿಗೆ ಕೆಲಸ ಕಲಿಸೋನೂ ಅವನೇ. ಕೆಲಸಕ್ಕೆ ಸೇರಿಸೋದು, ರಜೆ ಕೊಡೋದು, ತೆಗೆಯೋದು ಎಲ್ಲಾ ಅವನ ಕೈಯಲ್ಲಿ. ಹೊರಗೆ ಚಾಳಿನಲ್ಲಿ ತಲೆ ಮೇಲೊಂದು ಸೂರು ಹುಡುಕಿಕೊಡೋದು, ಅಂಗಡಿಯಲ್ಲಿ ಉದ್ರಿಗೆ ಜಾಮೀನು ನಿಲ್ಲೋದು, ಕಷ್ಟ ಬಂದಾಗ ಬಡ್ಡಿಗೆ ದುಡ್ಡು ಕೊಡೋದು ಕೂಡ ಎಷ್ಟೋ ಸಲ ಅವನೇ. ಇದಕ್ಕೆಲ್ಲ ಪ್ರತಿಯಾಗಿ ದಸ್ತೂರಿ. ಸೇರುವಾಗ ಕೈ ಬೆಚ್ಚಗೆ ಮಾಡಬೇಕು, ಸೇರಿದ ಮೇಲೂ ಆಗಾಗ ಮಾಡ್ತಾ ಇರಬೇಕು.

ಹಾಗಂತ ಅವನನ್ನ ಸಿನಿಮಾ ಖಳನಾಯಕ ಮಾಡಿದ್ರೆ ಇತಿಹಾಸ ತಪ್ಪುತ್ತೆ. ರಾಜನಾರಾಯಣ್ ಚಂದಾವರ್ಕರ್ ಅವರಂಥ ಇತಿಹಾಸಕಾರರು ತೋರಿಸಿಕೊಟ್ಟಿರೋದು ಇದನ್ನೇ. ಜಾಬರನ ಅಧಿಕಾರಕ್ಕೂ ಮಿತಿ ಇತ್ತು. ಅವನ ಮಾತು ಕೇಳಿ ಬರೋ ಜನ ಇಲ್ಲದಿದ್ರೆ ಮ್ಯಾನೇಜರ್ ಅವನನ್ನೇ ತೆಗೀತಿದ್ದ. ಹಾಗಾಗಿ ಅವನೂ ಕೆಲಸಗಾರರ ಮನಸ್ಸು ನೋಡ್ಕೊಂಡೇ ಇರಬೇಕಿತ್ತು. ಕೆಲವು ಮುಷ್ಕರಗಳಲ್ಲಿ ಜಾಬರುಗಳೇ ಮುಂದೆ ನಿಂತದ್ದೂ ಉಂಟು. ಊರಿಂದ ಬಂದ, ಓದು ಬರಹ ಗೊತ್ತಿಲ್ಲದ ಹುಡುಗನಿಗೆ ಆ ದೊಡ್ಡ ಶಹರದಲ್ಲಿ ಅವನೊಬ್ಬನೇ ಆಸರೆ ಅನ್ನೋದೂ ನಿಜ.

ಆದರೆ ಈ ಪರಿಚಯದ ದಾರಿಗೆ ಒಂದು ಬೆಲೆ ಇತ್ತು. ಅದನ್ನ ಕಟ್ಟಿದ್ದು ದಾರಿಯ ಹೊರಗೆ ಉಳಿದವರು. ನೇಯ್ಗೆ ಖಾತೆಯಲ್ಲಿ ಸಂಬಳ ಚೆನ್ನಾಗಿತ್ತು. ಆದರೆ ದಲಿತರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಕೊಟ್ಟ ಕಾರಣ ಏನು ಗೊತ್ತಾ? ಲಾಳಿಯಲ್ಲಿ ನೂಲಿನ ಉರುಳೆ ಬದಲಾಯಿಸುವಾಗ ನೇಕಾರ ದಾರವನ್ನು ಬಾಯಿಂದ ಎಳೆದುಕೊಳ್ಳಬೇಕಿತ್ತು. ಅದೇ ಲಾಳಿಗೆ ಇನ್ನೊಬ್ಬರು ಬಾಯಿ ಹಾಕಿದ್ರೆ ಮೈಲಿಗೆ ಅಂತ ಮೇಲ್ಜಾತಿಯ ನೇಕಾರರ ತಕರಾರು. 1928ರ ದೊಡ್ಡ ಗಿರಣಿ ಮುಷ್ಕರದ ಸಂದರ್ಭದಲ್ಲಿ ಡಾ. ಅಂಬೇಡ್ಕರ್ ಇದೇ ವಿಷಯ ಎತ್ತಿದರು. ಎಲ್ಲ ಕೆಲಸಗಾರರ ಹಕ್ಕಿಗಾಗಿ ಹೋರಾಟ ಅಂತೀರಿ, ಹಾಗಾದರೆ ಈ ಖಾತೆಯ ಬಾಗಿಲು ನಮ್ಮವರಿಗೆ ಯಾಕೆ ಮುಚ್ಚಿದೆ ಅನ್ನೋದು ಅವರ ತಕರಾರಿನ ತಿರುಳು. ಮಾಲೀಕರು ಲಿಖಿತ ನಿಯಮ ಮಾಡಿ ಇವರನ್ನ ಹೊರಗಿಡಬೇಕಾಗಿರಲಿಲ್ಲ. "ನಮ್ಮವರು ನಮ್ಮವರನ್ನ ಕರ್ಕೊಂಡು ಬರ್ತಾರೆ" ಅನ್ನೋ ಪದ್ಧತಿಯೇ ಆ ಕೆಲಸ ಸುಲಭ ಮಾಡಿಕೊಡ್ತಿತ್ತು.

ಇನ್ನು ಸುಧಾರಣೆಯ ಕಥೆ. 1929ರಲ್ಲಿ ಬ್ರಿಟಿಷ್ ಸರ್ಕಾರ ವಿಟ್ಲೆ ಅವರ ಅಧ್ಯಕ್ಷತೆಯಲ್ಲಿ ಕಾರ್ಮಿಕರ ಬಗ್ಗೆ ರಾಯಲ್ ಕಮಿಷನ್ ನೇಮಿಸಿತು. 1931ರ ವರದಿ ಜಾಬರ್ ಪದ್ಧತಿಯನ್ನ ಕಟುವಾಗಿ ಟೀಕಿಸಿ, ಸೇರಿಸೋ ಮತ್ತು ತೆಗೆಯೋ ಅಧಿಕಾರ ಅವನ ಕೈಯಿಂದ ಹೋಗಲಿ, ಅದಕ್ಕೆಂದೇ ಲೇಬರ್ ಆಫೀಸರ್ ಇರಲಿ ಅಂತ ಹೇಳಿತು. ಇವತ್ತು ನಿಮ್ಮ ಕಂಪನಿಯಲ್ಲಿರೋ ಎಚ್‌ಆರ್ ವಿಭಾಗದ ಮುತ್ತಜ್ಜ ಈ ಲೇಬರ್ ಆಫೀಸರ್ರೇ.

1935ರಲ್ಲಿ ಮುಂಬಯಿ ಗಿರಣಿ ಮಾಲೀಕರ ಸಂಘ ಬದಲಿ ನಿಯಂತ್ರಣ ಯೋಜನೆ ತಂತು. ಬದಲಿ ಅಂದ್ರೆ ಕಾಯಂ ಕೆಲಸಗಾರ ಬಾರದ ದಿನ ಅವನ ಜಾಗದಲ್ಲಿ ದುಡಿಯೋನು. ಗೊತ್ತಾದಷ್ಟು ಜನರಿಗೆ ಮಾತ್ರ ಬದಲಿ ಕಾರ್ಡು ಕೊಡೋದು, ಅವರು ದಿನಾ ಬೆಳಿಗ್ಗೆ ಗಿರಣಿಗೆ ಬಂದು ಹಾಜರಾಗೋದು, ಖಾಲಿ ಜಾಗಕ್ಕೆ ಅವರಲ್ಲೇ ಒಬ್ಬರನ್ನ ತಗೊಳ್ಳೋದು. ಜಾಬರನ ಮರ್ಜಿ ಇದ್ದ ಕಡೆ ಒಂದು ಕಾರ್ಡು ಬಂತು. ಸಣ್ಣ ಚೀಟಿ, ಆದರೆ "ನಾಳೆ ನನ್ನ ಸರದಿ" ಅಂತ ಹೇಳೋ ಹಕ್ಕು ಅದರಲ್ಲಿತ್ತು.

ಅಲ್ಲಿಗೆ ಮುಗೀತಾ? ಇಲ್ಲ. ಬದಲಿ ಅನ್ನೋದೇ ಎಷ್ಟೋ ಜನರಿಗೆ ಆಯುಷ್ಯದ ಕೆಲಸ ಆಗಿಬಿಡ್ತು. ವರ್ಷಗಟ್ಟಲೆ ದುಡಿದರೂ ಕಾಯಂ ಆಗಲಿಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತ್ ನೇತೃತ್ವದಲ್ಲಿ ಶುರುವಾದ ಮುಷ್ಕರದಲ್ಲಿ ಸುಮಾರು 2.5 ಲಕ್ಷ ಕೆಲಸಗಾರರು ಹೊರಗೆ ಬಂದರಲ್ಲ, ಅವರ ದೂರುಗಳಲ್ಲಿ ಬದಲಿಗಳ ಪಾಡು ಕೂಡ ಒಂದು. ಇವತ್ತು ಕಾಂಟ್ರಾಕ್ಟ್ ಮೇಲೆ ವರ್ಷ ವರ್ಷ ನವೀಕರಣ ಮಾಡಿಸ್ಕೊಳ್ತಾ ಕೂತಿರೋರಿಗೆ ಈ ಕಥೆ ಹೊಸದು ಅನ್ನಿಸಲ್ಲ.

ಎರಡನೇ ಸುಧಾರಣೆ ಸರ್ಕಾರದ್ದು. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಬರೋ ಹೊತ್ತು. ಅವರಿಗೆ ಕೆಲಸ ಹುಡುಕೋದಕ್ಕೆ 1945ರಲ್ಲಿ ಉದ್ಯೋಗ ವಿನಿಮಯ ಕಚೇರಿಗಳ ವ್ಯವಸ್ಥೆ ಆಯ್ತು. ದೇಶ ವಿಭಜನೆ ಆದಾಗ ನಿರಾಶ್ರಿತರೂ ಅಲ್ಲಿಗೆ ಬಂದರು, 1948ರಲ್ಲಿ ಎಲ್ಲರಿಗೂ ತೆರೀತು. ಈ ವ್ಯವಸ್ಥೆ ಮುಂದುವರೀಬೇಕಾ, ಹೇಗೆ ನಡೀಬೇಕು ಅಂತ ನೋಡಲು 1952ರಲ್ಲಿ ಒಂದು ಸಮಿತಿ ರಚನೆಯಾಯ್ತು. ಅದರ ಅಧ್ಯಕ್ಷರು ಬಿ. ಶಿವರಾವ್, ನಮ್ಮ ಮಂಗಳೂರಿನವರು! ಸಂವಿಧಾನ ಸಭೆಯ ಸಲಹೆಗಾರ ಬೆನೆಗಲ್ ನರಸಿಂಗರಾಯರ ತಮ್ಮ, ಪತ್ರಕರ್ತರು. ಚೆನ್ನೈ ಕೇಳುಗರು ಇದನ್ನ ಗಮನಿಸಿ: ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕೆಲಸಗಾರರಿಂದ 1918ರಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತಲ್ಲ, ಆ ಕಾಲದ ಮದ್ರಾಸಿನ ಕಾರ್ಮಿಕ ಚಳವಳಿಯಲ್ಲಿ ಪಳಗಿದವರು ಇವರು. ಗಿರಣಿ ಗೇಟು ನೋಡಿದ್ದ ಮನುಷ್ಯ ಉದ್ಯೋಗ ಕಚೇರಿಯ ಭವಿಷ್ಯ ಬರೆದರು. 1954ರಲ್ಲಿ ವರದಿ ಬಂತು. ಅದರಂತೆ ಕಚೇರಿಗಳ ದಿನನಿತ್ಯದ ಆಡಳಿತ ರಾಜ್ಯಗಳಿಗೆ ಹೋದ ದಿನ 1956ರ ನವೆಂಬರ್ 1. ಆ ತಾರೀಖು ನಮಗೆ ಬೇರೆ ಕಾರಣಕ್ಕೆ ನೆನಪಿದೆ, ಅಲ್ವಾ?

1959ರ ಕಾಯ್ದೆ ಬಂದ ಮೇಲೆ ಸರ್ಕಾರಿ ಸಂಸ್ಥೆಗಳು ಮತ್ತು 25 ಅಥವಾ ಹೆಚ್ಚು ಜನರಿರೋ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆ ಇದ್ದರೆ ಈ ಕಚೇರಿಗೆ ತಿಳಿಸಲೇಬೇಕಾಯ್ತು. ತಿಳಿಸೋದು ಕಡ್ಡಾಯ, ಅಲ್ಲಿಂದಲೇ ತಗೋಬೇಕು ಅನ್ನೋದು ಕಡ್ಡಾಯ ಅಲ್ಲ. ನಮ್ಮ ಹಿರಿಯರು ಕಾರ್ಡು ಮಾಡಿಸಿ, ನವೀಕರಿಸಿ, "ಕಾಲ್ ಲೆಟರ್ ಬಂತಾ" ಅಂತ ಪೋಸ್ಟ್‌ಮನ್ ದಾರಿ ಕಾದದ್ದು ಇದಕ್ಕೇ. ಆದರೆ ಪಟ್ಟಿ ಬೆಳೆದಷ್ಟು ಕೆಲಸ ಬೆಳೀಲಿಲ್ಲ. ಪಟ್ಟಿಯಲ್ಲಿ ಹೆಸರಿದ್ದೂ ಯಾರನ್ನ ಕಳಿಸೋದು ಅನ್ನೋದು ಕಚೇರಿಯ ಕೈಯಲ್ಲಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ವಿಶ್ವೇಶ್ವರ ರಾವ್ ಪ್ರಕರಣದಲ್ಲಿ, ಕಚೇರಿಗೆ ತಿಳಿಸೋದರ ಜೊತೆಗೆ ಪತ್ರಿಕೆಯಲ್ಲೂ ಜಾಹೀರಾತು ಕೊಡಿ, ಅರ್ಜಿ ಹಾಕಿದ ಎಲ್ಲರನ್ನೂ ಪರಿಗಣಿಸಿ ಅಂತ ಹೇಳಿತು. ಮರುವರ್ಷವೇ, 1997ರಲ್ಲಿ, ನೌಕರಿ ಡಾಟ್ ಕಾಮ್ ಶುರುವಾಯ್ತು. ಮುಂದಿನದು ನಿಮಗೆ ಗೊತ್ತೇ ಇದೆ.

ಇಲ್ಲಿ ಮುಂಬಯಿ ಕನ್ನಡಿಗರ ಮಾತು ಬಾರದೆ ಹೇಗೆ? ನಮ್ಮ ಉಡುಪಿ ಹೋಟೆಲುಗಳೂ ನಡೆದದ್ದು ಪರಿಚಯದ ಮೇಲೇ. ಊರಿನ ಯಾರದೋ ಕೈ ಹಿಡಿದು ಹುಡುಗ ಬಂದ, ತಟ್ಟೆ ತೊಳೆದ, ಸಪ್ಲೈಯರ್ ಆದ, ಗಲ್ಲಾದಲ್ಲಿ ಕೂತ. ಆದರೆ ಅಲ್ಲಿ ಇನ್ನೊಂದು ವಸ್ತು ಸೇರಿಕೊಂಡಿತು: ಕನ್ನಡದ ರಾತ್ರಿ ಶಾಲೆ. ಹಗಲು ಹೋಟೆಲು, ರಾತ್ರಿ ಪಾಠ. ಹಾಗೆ ಮೆಟ್ರಿಕ್ ಮುಗಿಸಿ ಬ್ಯಾಂಕು, ಆಫೀಸು, ಕಾಲೇಜು ಸೇರಿದವರು, ತಮ್ಮದೇ ಹೋಟೆಲ್ ತೆರೆದವರು ಈ ಶಹರದಲ್ಲಿ ಎಷ್ಟು ಜನ! ನನಗೆ ಇದು ಬಹಳ ಮುಖ್ಯ ಅನ್ನಿಸುತ್ತೆ. ಮೊದಲ ಬಾಗಿಲು ಪರಿಚಯದಿಂದ ತೆರೀತು, ಎರಡನೇ ಬಾಗಿಲು ಸರ್ಟಿಫಿಕೇಟಿನಿಂದ. ಎರಡನೇ ಬಾಗಿಲು ಇದ್ದದ್ದರಿಂದಲೇ ಮೊದಲನೆಯದು ಬೋನು ಆಗಲಿಲ್ಲ. ಗಿರಣಿಯ ಬದಲಿಗೆ ಅಂಥ ಎರಡನೇ ಬಾಗಿಲು ಸಿಗೋದು ಕಷ್ಟವಿತ್ತು.

ಈಗ ರೆಫರಲ್ ವಿಷಯಕ್ಕೆ ಬರೋಣ. ಐಟಿ ಕಂಪನಿಗಳಲ್ಲಿ ಗೆಳೆಯನನ್ನ ಸೇರಿಸಿದ್ರೆ ಬೋನಸ್ ಕೊಡ್ತಾರೆ. ಹಾಗಾದ್ರೆ ಅದು ಹೊಸ ದಸ್ತೂರಿನಾ? ನನ್ನ ಉತ್ತರ: ಅಲ್ಲ, ಆದರೆ ಆಗಬಹುದು. ಜಾಬರ್ ಶಿಫಾರಸು ಮಾಡಿದ್ದು ತೊಂದರೆ ಆಗಿರಲಿಲ್ಲ. ಶಿಫಾರಸು, ಆಯ್ಕೆ, ಮೇಲ್ವಿಚಾರಣೆ, ಸಾಲ, ವಜಾ ಐದೂ ಒಂದೇ ಕೈಯಲ್ಲಿ ಇದ್ದದ್ದು ತೊಂದರೆ. ದುಡ್ಡು ಹರಿದ ದಿಕ್ಕೂ ನೋಡಿ. ರೆಫರಲ್‌ನಲ್ಲಿ ಕಂಪನಿ ಕೊಡುತ್ತೆ, ದಸ್ತೂರಿಯಲ್ಲಿ ಕೆಲಸ ಬೇಕಾದವನು ಕೊಡ್ತಿದ್ದ.

ಹಾಗಾಗಿ ಕೆಲಸ ಕೊಡೋರಿಗೆ ನನ್ನ ಮಾತು ಇಷ್ಟು. ಪರಿಚಯದವರ ಹೆಸರು ತಗೊಳ್ಳಿ, ತಪ್ಪೇನಿಲ್ಲ. ಆದರೆ ಹೆಸರು ಕೊಟ್ಟವರೇ ಸಂದರ್ಶನ ಮಾಡೋದು ಬೇಡ, ಆಮೇಲೆ ಅವರ ಕೈಕೆಳಗೇ ಹಾಕೋದೂ ಬೇಡ. ಹುದ್ದೆಯನ್ನ ಹೊರಗೂ ಪ್ರಕಟಿಸಿ. ಎಲ್ಲರಿಗೂ ಒಂದೇ ಪರೀಕ್ಷೆ, ಒಂದೇ ಪ್ರಶ್ನೆ ಇಡಿ, ಯಾಕೆ ತಗೊಂಡ್ರಿ ಅಂತ ನಾಲ್ಕು ಸಾಲು ಬರೆದಿಡಿ. ಮೂರು ವರ್ಷದ ಪಟ್ಟಿ ತೆಗೆದು ನೋಡಿ: ಎಲ್ಲರೂ ಒಂದೇ ಊರು, ಒಂದೇ ಕಾಲೇಜು, ಒಂದೇ ಮನೆತನದ ಹೆಸರಾಗಿದ್ರೆ, ನಿಮ್ಮ ಗೇಟಿನಲ್ಲೂ ಒಬ್ಬ ಮುಕಾದಮ ನಿಂತಿದ್ದಾನೆ.

ಕೆಲಸ ಹುಡುಕೋರಿಗೆ: ಪರಿಚಯ ಕೇಳೋಕೆ ನಾಚಿಕೆ ಬೇಡ. ಕೇಳುವಾಗ "ಕೆಲಸ ಕೊಡಿಸಿ" ಅನ್ನಬೇಡಿ. "ಅಲ್ಲಿ ಕೆಲಸ ಹೇಗಿರುತ್ತೆ, ಯಾವ ಹುದ್ದೆ ಖಾಲಿ ಇದೆ, ನನ್ನ ಅರ್ಜಿ ಒಮ್ಮೆ ನೋಡ್ತೀರಾ" ಅಂತ ಕೇಳಿ. ಅದಕ್ಕೆ ಉತ್ತರ ಕೊಡೋದು ಯಾರಿಗೂ ಭಾರ ಅಲ್ಲ. ಕೆಲಸಕ್ಕೆ ಮೊದಲು ರಿಜಿಸ್ಟ್ರೇಷನ್, ಟ್ರೈನಿಂಗ್, ಲ್ಯಾಪ್‌ಟಾಪ್ ಡಿಪಾಸಿಟ್ ಅಂತ ದುಡ್ಡು ಕೇಳಿದ್ರೆ, ಅದು ದಸ್ತೂರಿಯ ಮೊಮ್ಮಗ ಅಂತ ತಿಳ್ಕೊಂಡು ಎದ್ದು ಬನ್ನಿ. ಮತ್ತೆ, ಮೊದಲ ಕೆಲಸದಲ್ಲಿ ಕೂತ ದಿನವೇ ನಿಮ್ಮ ರಾತ್ರಿ ಶಾಲೆ ಯಾವುದು ಅಂತ ನಿರ್ಧರಿಸಿ. ಒಬ್ಬ ಮ್ಯಾನೇಜರ್ ಬದಲಾದರೂ ನಿಮ್ಮ ಜೊತೆ ಉಳಿಯೋ ಕಲಿಕೆ ಒಂದು ಬೇಕು.

ಕೊನೆಗೆ, ಈಗಾಗಲೇ ಒಳಗೆ ಇರೋರಿಗೆ ಒಂದು ಮಾತು. ಈ ಶಹರಗಳಿಗೆ ಬಂದ ನಮ್ಮಲ್ಲಿ ಹೆಚ್ಚಿನವರನ್ನ ಯಾರೋ ಒಬ್ಬರು ಕೈ ಹಿಡಿದು ಒಳಗೆ ಕರೆದಿದ್ದಾರೆ. ಆ ಋಣ ತೀರಿಸೋಕೆ ನಮ್ಮೂರಿನವರನ್ನೇ ಕರೀಬೇಕು ಅಂತಿಲ್ಲ. ಮುಂದಿನ ಸಲ ಹೆಸರು ಕೊಡುವಾಗ, ನಿಮ್ಮ ಪರಿಚಯದ ವಲಯದ ಹೊರಗಿನ ಒಬ್ಬರ ಅರ್ಜಿಯನ್ನೂ ಓದಿ, ಅರ್ಹರಿದ್ದರೆ ಅವರ ಹೆಸರನ್ನೂ ಮುಂದೆ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.