ಚೌಕಾಸಿ ಇಲ್ಲದ ಕಾರು: ಸ್ಯಾಟರ್ನ್ ಏರಿದ್ದು, ಇಳಿದದ್ದು

ನಮ್ಮಲ್ಲಿ ಲಾರಿಗಳ ಹಣೆಯ ಮೇಲೆ ಶನಿಮಹಾತ್ಮನ ಹೆಸರು ಬರೆಸುವುದುಂಟು. ಅದು ಕಾಟ ಕೊಡಬೇಡಪ್ಪಾ ಎಂಬ ಬೇಡಿಕೆಯೇ ಹೊರತು ವಾಹನಕ್ಕೆ ಶನಿ ಎಂದು ನಾಮಕರಣ ಮಾಡಿದಂತಲ್ಲ. ಶನಿವಾರ ಕಬ್ಬಿಣ ಕೊಳ್ಳಲು ಹಿಂದೆಮುಂದೆ ನೋಡುವ ಜನ, ಆ ಹೆಸರಿನ ಕಾರನ್ನು ಮನೆಗೆ ತಂದಾರೆಯೇ? ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಗೆ ಅಂಥ ಅಂಜಿಕೆ ಇರಲಿಲ್ಲ. 1980ರ ದಶಕದಲ್ಲಿ ತಾನು ರೂಪಿಸಿದ ಹೊಚ್ಚಹೊಸ ಕಾರಿಗೆ ಅದು ‘ಸ್ಯಾಟರ್ನ್’, ಅಂದರೆ ಶನಿ ಎಂದೇ ಹೆಸರಿಟ್ಟಿತು. ಅದರ ಮನಸ್ಸಿನಲ್ಲಿದ್ದದ್ದು ಗ್ರಹವಲ್ಲ, ಅಮೆರಿಕನ್ನರನ್ನು ಚಂದ್ರನಲ್ಲಿಗೆ ಒಯ್ದ ಸ್ಯಾಟರ್ನ್ ರಾಕೆಟ್. ಬಾಹ್ಯಾಕಾಶದ ಸ್ಪರ್ಧೆಯಲ್ಲಿ ರಷ್ಯನ್ನರನ್ನು ಹಿಂದಿಕ್ಕಿದ ಹಾಗೆ ರಸ್ತೆಯ ಮೇಲೆ ಜಪಾನೀಯರನ್ನು ಹಿಂದಿಕ್ಕಬೇಕೆಂಬುದು ಆ ಹೆಸರಿನ ಹಿಂದಿನ ಆಸೆ.

ಆಸೆಗಿಂತ ಅದನ್ನು ಭಯ ಎನ್ನುವುದೇ ಸರಿ. 1960ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಕಾರುಗಳಲ್ಲಿ ಸರಿಸುಮಾರು ಅರ್ಧದಷ್ಟು ಜಿ.ಎಂ. ಕಂಪನಿಯವೇ ಆಗಿದ್ದವು. 1973 ಮತ್ತು 1979ರ ತೈಲ ಬಿಕ್ಕಟ್ಟುಗಳು ಬಂದಾಗ ಹಡಗಿನಂಥ ದೊಡ್ಡ ಕಾರುಗಳನ್ನು ಸಾಕುವುದು ಅಲ್ಲಿನ ಮಧ್ಯಮ ವರ್ಗಕ್ಕೂ ಕಷ್ಟವಾಯಿತು. ಟೊಯೊಟಾ, ಹೊಂಡಾ ಕಂಪನಿಗಳ ಪುಟ್ಟ ಕಾರುಗಳು ಕಡಿಮೆ ಪೆಟ್ರೋಲ್ ಕುಡಿಯುತ್ತಿದ್ದವು. ಅದಕ್ಕಿಂತ ಮುಖ್ಯವಾಗಿ, ಅವು ಕೆಟ್ಟು ನಿಲ್ಲುತ್ತಿರಲಿಲ್ಲ. ಒಮ್ಮೆ ಜಪಾನಿ ಕಾರು ಕೊಂಡವರು ಮರಳಿ ಡೆಟ್ರಾಯಿಟ್ ಕಡೆ ತಿರುಗಿ ನೋಡುತ್ತಿರಲಿಲ್ಲ.

ಜಿ.ಎಂ. ಅಧ್ಯಕ್ಷ ರೋಜರ್ ಸ್ಮಿತ್ ಕಂಡುಕೊಂಡ ಉಪಾಯ ವಿಚಿತ್ರವಾಗಿತ್ತು. ಹಳೆಯ ಮನೆಯನ್ನು ರಿಪೇರಿ ಮಾಡುವ ಬದಲು ಬೇರೆ ಊರಿನಲ್ಲಿ ಹೊಸ ಮನೆ ಕಟ್ಟುವುದು. 1985ರ ಜನವರಿಯಲ್ಲಿ ಸ್ಯಾಟರ್ನ್ ಪ್ರತ್ಯೇಕ ಕಂಪನಿಯಾಗಿ ಘೋಷಣೆಯಾಯಿತು. ಅದಕ್ಕೆ 500 ಕೋಟಿ ಡಾಲರ್ ಹೂಡುವುದಾಗಿ ಆಗ ಹೇಳಲಾಯಿತು. ಅದಕ್ಕೂ ಒಂದು ವರ್ಷ ಮೊದಲೇ ಜಿ.ಎಂ. ಅಧಿಕಾರಿಗಳು ಮತ್ತು ಯುಎಡಬ್ಲ್ಯು ಕಾರ್ಮಿಕ ಸಂಘದ ಸದಸ್ಯರಿದ್ದ 99 ಜನರ ತಂಡವೊಂದು ದೇಶವಿದೇಶಗಳ ಕಾರ್ಖಾನೆಗಳನ್ನು ಸುತ್ತಿ ಬಂದಿತ್ತು. ಪರಸ್ಪರ ಮುಖ ಕೊಟ್ಟು ಮಾತನಾಡದ ಎರಡು ಬಣಗಳು ಒಂದೇ ಮೇಜಿನ ಸುತ್ತ ಕುಳಿತು ಕಾರ್ಖಾನೆ ಹೇಗಿರಬೇಕೆಂದು ಚರ್ಚಿಸಿದ್ದು ಅಮೆರಿಕದ ಕಾರು ಉದ್ಯಮದಲ್ಲಿ ಹೊಸದೇ. ಸಂಘದ ಉಪಾಧ್ಯಕ್ಷರಾಗಿದ್ದ ಡೊನಾಲ್ಡ್ ಎಫ್ಲಿನ್ ಈ ಪ್ರಯೋಗದ ಬೆನ್ನಿಗೆ ನಿಂತರು. ಬೇರೆ ಘಟಕಗಳಲ್ಲಿ ನೂರಾರು ಪುಟಗಳಿರುತ್ತಿದ್ದ ಕಾರ್ಮಿಕ ಒಪ್ಪಂದ ಇಲ್ಲಿ 28 ಪುಟಗಳಲ್ಲಿ ಮುಗಿಯಿತು. ಹಾಜರಿ ಗಡಿಯಾರ ಇಲ್ಲ, ಕೆಲಸಗಾರರ ಸಣ್ಣ ತಂಡಗಳೇ ತಮ್ಮ ಕೆಲಸ ಹಂಚಿಕೊಳ್ಳಬೇಕು, ಸಂಬಳದ ಒಂದು ಭಾಗ ಗುಣಮಟ್ಟ ಮತ್ತು ಉತ್ಪಾದನೆಯ ಗುರಿಗಳನ್ನು ಮುಟ್ಟಿದರೆ ಮಾತ್ರ.

ಕಾರ್ಖಾನೆಗಾಗಿ ರಾಜ್ಯಗಳ ಗವರ್ನರ್‌ಗಳು ಪೈಪೋಟಿಗೆ ಬಿದ್ದರು. ಕೊನೆಗೆ ಅದು ದಕ್ಕಿದ್ದು ಟೆನೆಸಿ ರಾಜ್ಯದ ಸ್ಪ್ರಿಂಗ್ ಹಿಲ್ ಎಂಬ ಪುಟ್ಟ ಊರಿಗೆ. ನ್ಯಾಶ್‌ವಿಲ್ ನಗರದಿಂದ ಸುಮಾರು 50 ಕಿ.ಮೀ. ದಕ್ಷಿಣದಲ್ಲಿದ್ದ ಆ ಊರಿನ ಜನಸಂಖ್ಯೆ ಆಗ ಸಾವಿರದ ಆಸುಪಾಸು. ಕೆಲಸಗಾರರು ಬಂದದ್ದು ದೇಶದ ನಾನಾ ಕಡೆಯ ಜಿ.ಎಂ. ಘಟಕಗಳಿಂದ. ಹಳೆಯ ಘಟಕದಲ್ಲಿದ್ದ ಹಿರಿತನವನ್ನೂ, ಅಲ್ಲಿಗೆ ಮರಳುವ ಹಕ್ಕನ್ನೂ ಬಿಟ್ಟುಕೊಟ್ಟೇ ಅವರು ಇಲ್ಲಿಗೆ ಬರಬೇಕಿತ್ತು. ಪ್ರಯೋಗ ಸೋತರೆ ಹಿಂದಿರುಗಲು ದಾರಿ ಇರಲಿಲ್ಲ. 1990ರ ಜುಲೈ 30ರಂದು ಮೊದಲ ಕಾರು ಹೊರಬಂತು. ಅದರಲ್ಲಿ ಕುಳಿತಿದ್ದವರು ರೋಜರ್ ಸ್ಮಿತ್ ಮತ್ತು ಕಾರ್ಮಿಕ ಸಂಘದ ಅಧ್ಯಕ್ಷ ಓವೆನ್ ಬೀಬರ್. ಸ್ಮಿತ್ ಅವರ ನಿವೃತ್ತಿಯ ಹೊತ್ತಿಗೆ ಸರಿಯಾಗಿ ಬಂದ ಕಾರು ಅದು. ತಾನು ನೆಟ್ಟ ಸಸಿಗೆ ನೀರು ಹಾಕುವ ಅಧಿಕಾರ ಅವರ ಕೈಯಲ್ಲಿ ಉಳಿಯಲಿಲ್ಲ ಎಂಬುದು ಮುಂದಿನ ಕಥೆಗೆ ಮುಖ್ಯ.

ಕಾರಾಗಿ ಸ್ಯಾಟರ್ನ್ ಅದ್ಭುತವೇನಲ್ಲ. 1.9 ಲೀಟರ್ ಎಂಜಿನ್, ಸಾಧಾರಣ ಒಳಾಂಗಣ, ಆರಂಭಿಕ ಮಾದರಿಯ ಬೆಲೆ 7,995 ಡಾಲರ್. ಎಂಜಿನ್ ಗದ್ದಲ ಮಾಡುತ್ತದೆ ಎಂದು ಪರೀಕ್ಷಿಸಿದವರು ದೂರಿದರು. ಬಾಗಿಲು ಮತ್ತು ಪಕ್ಕದ ಮೈಯನ್ನು ಉಕ್ಕಿನ ಬದಲು ಒಂದು ಬಗೆಯ ಪ್ಲಾಸ್ಟಿಕ್‌ನಿಂದ ಮಾಡಲಾಗಿತ್ತು. ಅಂಗಡಿಯ ಮುಂದೆ ಯಾರಾದರೂ ತಳ್ಳುಗಾಡಿ ಗುದ್ದಿಸಿದರೆ ಅದು ನೆಗ್ಗದೆ ಮತ್ತೆ ಮೊದಲಿನಂತಾಗುತ್ತಿತ್ತು, ತುಕ್ಕಿನ ಕಾಟವೂ ಇರಲಿಲ್ಲ. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುವುದರಿಂದ ಫಲಕಗಳ ನಡುವೆ ಸಂದು ಮಾತ್ರ ತುಸು ಹೆಚ್ಚೇ ಬಿಡಬೇಕಾಗಿತ್ತು.

ಜನ ಮರುಳಾದದ್ದು ಕಾರು ಮಾರುವ ರೀತಿಗೆ. ಅಮೆರಿಕದಲ್ಲಿ ಎಲ್ಲಕ್ಕೂ ನಿಗದಿತ ದರ ಎಂದು ನಾವು ತಿಳಿದಿರುತ್ತೇವೆ. ಕಾರಿನ ವಿಷಯದಲ್ಲಿ ಅದು ನಿಜವಲ್ಲ. ಕಿಟಕಿಗೆ ಅಂಟಿಸಿದ ದರ ಒಂದು, ಷೋರೂಮಿನವನು ಹೇಳುವುದು ಇನ್ನೊಂದು, ಕೊನೆಗೆ ಕೊಡುವುದು ಮತ್ತೊಂದು. ‘ಮ್ಯಾನೇಜರ್ ಅವರನ್ನು ಕೇಳಿ ಬರುತ್ತೇನೆ’ ಎಂದು ಒಳಗೆ ಹೋದ ಮಾರಾಟಗಾರ ಗಿರಾಕಿಯನ್ನು ಅರ್ಧ ಗಂಟೆ ಕಾಯಿಸಿ ಸುಸ್ತು ಮಾಡುವುದು ಅಲ್ಲಿನ ಹಳೆಯ ತಂತ್ರ. ನಮ್ಮ ಸಂತೆಯ ಚೌಕಾಸಿಯಲ್ಲಿ ಇಬ್ಬರಿಗೂ ಒಂದಿಷ್ಟು ಮಜಾ ಇರುತ್ತದೆ. ಅಲ್ಲಿಯದರಲ್ಲಿ ಇದ್ದದ್ದು ಬರೀ ಅನುಮಾನ. ಪಕ್ಕದ ಮನೆಯವನು ಅದೇ ಕಾರನ್ನು ಸಾವಿರ ಡಾಲರ್ ಕಡಿಮೆಗೆ ತಂದಿದ್ದಾನೆ ಎಂದು ಗೊತ್ತಾದರೆ ಆ ಕಂಪನಿಯ ಮೇಲೆ ಜನ್ಮಪೂರ್ತಿ ಮುನಿಸು.

ಸ್ಯಾಟರ್ನ್ ಇದನ್ನು ಒಂದೇ ಏಟಿಗೆ ತೆಗೆದುಹಾಕಿತು. ಹೇಳಿದ್ದೇ ಬೆಲೆ, ಎಲ್ಲರಿಗೂ ಅದೇ ಬೆಲೆ. ಡೀಲರ್‌ಗಳು ಒಬ್ಬರ ಮೇಲೊಬ್ಬರು ಬಿದ್ದು ದರ ಇಳಿಸದಂತೆ ಒಬ್ಬೊಬ್ಬರಿಗೂ ವಿಶಾಲವಾದ ಪ್ರದೇಶವನ್ನು ಹಂಚಿಕೊಟ್ಟಿತ್ತು. ಕಾರು ಒಯ್ಯುವ ದಿನ ಷೋರೂಮಿನ ಸಿಬ್ಬಂದಿ ಸುತ್ತ ನೆರೆದು ಚಪ್ಪಾಳೆ ತಟ್ಟಿ, ಹೊಸ ಮಾಲೀಕರ ಫೋಟೊ ತೆಗೆಯುತ್ತಿದ್ದರು. ಕೇಳಿದರೆ ಸ್ವಲ್ಪ ನಾಟಕ ಅನ್ನಿಸುತ್ತದೆ. ಕೊಂಡವರಿಗೆ ಹಾಗೆ ಅನ್ನಿಸಲಿಲ್ಲ. ಬೇರೆ ಷೋರೂಮುಗಳಲ್ಲಿ ಲಘುವಾಗಿ ಕಾಣಿಸಿಕೊಂಡಿದ್ದ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೆ ಬಂದರು.

ನಿಜವಾದ ಪರೀಕ್ಷೆ ಬಂದದ್ದು 1991ರಲ್ಲಿ. ಹೊರಗಿನಿಂದ ಪೂರೈಕೆಯಾದ ಶೀತಕ ದ್ರವದಲ್ಲಿ ದೋಷವಿದ್ದು, ಅದು ಎಂಜಿನ್ ಅನ್ನು ಒಳಗಿನಿಂದಲೇ ಕೆಡಿಸುತ್ತಿತ್ತು. ಆ ದ್ರವ ತುಂಬಿದ್ದ 1,836 ಕಾರುಗಳ ಎಂಜಿನ್ ಬದಲಿಸಿಕೊಟ್ಟಿದ್ದರೂ ಯಾರೂ ತಕರಾರು ಮಾಡುತ್ತಿರಲಿಲ್ಲ. ಸ್ಯಾಟರ್ನ್ ಅಷ್ಟೂ ಕಾರುಗಳನ್ನು ವಾಪಸು ಪಡೆದು ಹೊಸ ಕಾರುಗಳನ್ನೇ ಕೊಟ್ಟಿತು. ಅದೇ ವರ್ಷ ಆಸನದ ದೋಷವೊಂದು ಪತ್ತೆಯಾದಾಗ ಷೋರೂಮೇ ಇಲ್ಲದ ಅಲಾಸ್ಕಾದಲ್ಲಿದ್ದ ಒಬ್ಬ ಮಾಲೀಕರ ಬಳಿಗೆ ಹೊಸ ಆಸನದೊಂದಿಗೆ ಕಂಪನಿ ತನ್ನ ಪ್ರತಿನಿಧಿಯನ್ನು ವಿಮಾನದಲ್ಲಿ ಕಳುಹಿಸಿತು. ಸ್ಯಾನ್ ಫ್ರಾನ್ಸಿಸ್ಕೊದ ಹಾಲ್ ರೈನಿ ಜಾಹೀರಾತು ಸಂಸ್ಥೆ ಆ ಪ್ರಯಾಣವನ್ನೇ ಟಿ.ವಿ. ಜಾಹೀರಾತು ಮಾಡಿತು. 1992ರ ಜೆ.ಡಿ. ಪವರ್ ಗ್ರಾಹಕ ತೃಪ್ತಿ ಸಮೀಕ್ಷೆಯಲ್ಲಿ ದುಬಾರಿ ಲೆಕ್ಸಸ್ ಮತ್ತು ಇನ್‌ಫಿನಿಟಿಗಳ ನಂತರ ಮೂರನೆಯ ಸ್ಥಾನ ಈ ಅಗ್ಗದ ಕಾರಿನದಾಗಿತ್ತು.

ಕಾರ್ಖಾನೆಯೊಳಗೂ ಅದೇ ಹುರುಪು. ಉತ್ಪಾದನೆಯನ್ನು ಅವಸರದಿಂದ ಏರಿಸಿದರೆ ಗುಣಮಟ್ಟ ಕೆಡುತ್ತದೆಂದು, 1991ರಲ್ಲಿ ಜಿ.ಎಂ. ಅಧ್ಯಕ್ಷ ರಾಬರ್ಟ್ ಸ್ಟೆಂಪೆಲ್ ಭೇಟಿ ಕೊಟ್ಟಾಗ ಕೆಲಸಗಾರರು ತೋಳಿಗೆ ಪಟ್ಟಿ ಕಟ್ಟಿಕೊಂಡು ಪ್ರತಿಭಟಿಸಿದರು. ಕೂಲಿ ಹೆಚ್ಚಿಸಿ ಎಂದಲ್ಲ, ಕಾರು ಚೆನ್ನಾಗಿ ಮಾಡಲು ಬಿಡಿ ಎಂದು ನಡೆದ ಪ್ರತಿಭಟನೆಗಳು ಉದ್ಯಮದ ಇತಿಹಾಸದಲ್ಲಿ ಹೆಚ್ಚಿಲ್ಲ.

1994ರ ಜೂನ್‌ನಲ್ಲಿ ಕಂಪನಿ ಮಾಲೀಕರನ್ನೆಲ್ಲ ಸ್ಪ್ರಿಂಗ್ ಹಿಲ್‌ಗೆ ಆಹ್ವಾನಿಸಿತು. ‘ತವರಿಗೆ ಬನ್ನಿ’ ಎಂಬ ಧಾಟಿಯ ಆ ಕರೆಗೆ ಓಗೊಟ್ಟು ಸುಮಾರು 44 ಸಾವಿರ ಜನ ಬಂದರು. ರಜೆ ಹಾಕಿ, ಮಕ್ಕಳು ಮರಿ ಕಟ್ಟಿಕೊಂಡು, ನೂರಾರು ಮೈಲಿ ಓಡಿಸಿಕೊಂಡು ಬಂದವರಿಗೆ ತಮ್ಮ ಕಾರು ತಯಾರಾದ ಜಾಗವನ್ನೂ ಅದನ್ನು ತಯಾರಿಸಿದ ಕೈಗಳನ್ನೂ ನೋಡಬೇಕಿತ್ತು. ಅದು ಫೆರಾರಿಯಲ್ಲ, ಆಫೀಸಿಗೆ ಹೋಗಿಬರುವ ಸಾಧಾರಣ ಕಾರು. ಜಾತ್ರೆಯಂತೆ ನೆರೆದ ಆ ಜನರ ಮೇಲೆ ಜೋರು ಮಳೆ ಬಿತ್ತು, ಉತ್ಸಾಹ ಕುಗ್ಗಲಿಲ್ಲ. ಆ ವರ್ಷ 2.86 ಲಕ್ಷ ಸ್ಯಾಟರ್ನ್‌ಗಳು ಮಾರಾಟವಾದವು. ಮತ್ತೆಂದೂ ಆ ಸಂಖ್ಯೆ ಮುಟ್ಟಲಿಲ್ಲ.

ಮಾಲೀಕರ ಅನುಭವವೆಲ್ಲ ಸಿಹಿಯಾಗಿತ್ತೆಂದು ಅರ್ಥವಲ್ಲ. ವಯಸ್ಸಾದಂತೆ ಈ ಎಂಜಿನ್‌ಗಳು ಆಯಿಲ್ ಕುಡಿಯತೊಡಗುತ್ತಿದ್ದವು. ಪಿಸ್ಟನ್‌ನ ಆಯಿಲ್ ರಿಂಗುಗಳು ಮಸಿ ಕಟ್ಟಿ ಅಂಟಿಕೊಳ್ಳುತ್ತಿದ್ದುದು ಕಾರಣ. ಹಳೆಯ ಸ್ಯಾಟರ್ನ್ ಇಟ್ಟುಕೊಂಡವರು ಡಿಕ್ಕಿಯಲ್ಲಿ ಸದಾ ಆಯಿಲ್ ಡಬ್ಬಿ ಇಡುವುದು ರೂಢಿಯಾಯಿತು. ಆದರೂ ಆಯಿಲ್ ಹಾಕುತ್ತ ಹೋದರೆ ಎರಡು ಲಕ್ಷ ಮೈಲಿ ದಾಟಿಸಬಹುದೆಂದು ಅವರೇ ಹೆಮ್ಮೆಯಿಂದ ಹೇಳುತ್ತಿದ್ದರು. ಮುದಿ ಹಸುವನ್ನು ಬಿಟ್ಟುಕೊಡಲಾರದ ರೈತನ ಮಾತಿನ ಹಾಗೆ.

ಕಂಪನಿಗೆ ಬೇಕಿದ್ದದ್ದು ಹೊಸ ಮಾದರಿ. ಮದುವೆಯಾಗಿ, ಮಕ್ಕಳಾಗಿ ದೊಡ್ಡ ಕಾರು ಹುಡುಕಿದ ಮಾಲೀಕರಿಗೆ ತೋರಿಸಲು ಸ್ಯಾಟರ್ನ್ ಬಳಿ ಏನೂ ಇರಲಿಲ್ಲ. ಜಿ.ಎಂ. ಆಗ ನಷ್ಟದಲ್ಲಿತ್ತು. ಸೊಸೆಗೇ ಎಲ್ಲ ಒಡವೆ ಹಾಕಿದಿರಿ ಎಂದು ಷೆವರ್ಲೆ, ಓಲ್ಡ್ಸ್‌ಮೊಬೈಲ್ ಮುಂತಾದ ಹಳೆಯ ವಿಭಾಗಗಳು ಮುನಿಸಿಕೊಂಡಿದ್ದವು. ಯುಎಡಬ್ಲ್ಯು ನಾಯಕತ್ವವೂ ಬದಲಾಗಿ, 1995ರಲ್ಲಿ ಅಧ್ಯಕ್ಷರಾದ ಸ್ಟೀಫನ್ ಯೋಕಿಚ್ ಈ ವಿಶೇಷ ಒಪ್ಪಂದವನ್ನು ಮೊದಲಿನಿಂದಲೂ ಒಪ್ಪದವರು. ಎರಡನೆಯ ಮಾದರಿ ‘ಎಲ್’ ಸರಣಿ ಬರುವಷ್ಟರಲ್ಲಿ 1999 ಆಗಿತ್ತು. ಅದು ಯುರೋಪಿನ ಓಪೆಲ್ ಕಾರನ್ನು ತಿದ್ದಿ ಡೆಲವೇರ್ ರಾಜ್ಯದಲ್ಲಿ ತಯಾರಿಸಿದ್ದು, ಸ್ಪ್ರಿಂಗ್ ಹಿಲ್‌ನ ಕೂಸಲ್ಲ. ಆಮೇಲಿನ ಕಥೆ ಬೇಗ ಮುಗಿಯುತ್ತದೆ. 2004ರಲ್ಲಿ 28 ಪುಟಗಳ ಒಪ್ಪಂದ ಹೋಗಿ ಎಲ್ಲ ಘಟಕಗಳ ಮಾಮೂಲಿ ಒಪ್ಪಂದ ಬಂತು. 2007ರಲ್ಲಿ ಸ್ಪ್ರಿಂಗ್ ಹಿಲ್‌ನಲ್ಲಿ ಸ್ಯಾಟರ್ನ್ ತಯಾರಿಕೆಯೇ ನಿಂತಿತು. ವಿಪರ್ಯಾಸವೆಂದರೆ, ಅದೇ ವರ್ಷ ಔರಾ ಎಂಬ ಸ್ಯಾಟರ್ನ್‌ಗೆ ಉತ್ತರ ಅಮೆರಿಕದ ವರ್ಷದ ಕಾರು ಪ್ರಶಸ್ತಿ ಸಿಕ್ಕಿತ್ತು. ಕಾರು ಸುಧಾರಿಸಿತ್ತು, ಕಾಯುತ್ತಿದ್ದ ಜನ ಹೊರಟುಹೋಗಿದ್ದರು.

2009ರ ಜೂನ್ 1ರಂದು ಜಿ.ಎಂ. ದಿವಾಳಿ ಅರ್ಜಿ ಹಾಕಿತು. ಮಾಜಿ ರೇಸ್ ಚಾಲಕ, ವಾಹನ ವ್ಯಾಪಾರಿ ರೋಜರ್ ಪೆನ್ಸ್ಕಿ ಅವರು ಸ್ಯಾಟರ್ನ್ ಕೊಳ್ಳಲು ಮುಂದೆ ಬಂದರು. ಅವರಿಗೆ ಬೇಕಾಗಿದ್ದದ್ದು ಕಾರ್ಖಾನೆಯಲ್ಲ, ಸುಮಾರು 350 ಷೋರೂಮುಗಳು ಮತ್ತು ಅವುಗಳಿಗಿದ್ದ ಒಳ್ಳೆಯ ಹೆಸರು. ಮುಂದೆ ಕಾರು ಪೂರೈಸಬೇಕಿದ್ದ ಫ್ರಾನ್ಸಿನ ರೆನೊ ಕಂಪನಿಯ ಮಂಡಳಿ ಒಪ್ಪಲಿಲ್ಲ. ಸೆಪ್ಟೆಂಬರ್ 30ರಂದು ವ್ಯವಹಾರ ಮುರಿದುಬಿತ್ತು. 2010ರ ಅಕ್ಟೋಬರ್ 31ಕ್ಕೆ ಸ್ಯಾಟರ್ನ್ ಅಧಿಕೃತವಾಗಿ ಇಲ್ಲವಾಯಿತು.

ಆದರೆ ಮಾಲೀಕರಿಗೆ ಕಂಪನಿಯಿಂದ ಇನ್ನೊಂದು ಸುದ್ದಿ ಬರುವುದಿತ್ತು. 2014ರಲ್ಲಿ ಜಿ.ಎಂ. ಸುಮಾರು 26 ಲಕ್ಷ ಸಣ್ಣ ಕಾರುಗಳನ್ನು ದುರಸ್ತಿಗೆ ವಾಪಸು ಕರೆಯಿತು. 2003ರಿಂದ 2007ರವರೆಗಿನ ‘ಸ್ಯಾಟರ್ನ್ ಅಯಾನ್’ ಅವುಗಳಲ್ಲಿ ಒಂದು. ಬೀಗದ ಕೈ ತಿರುಗಿಸುವ ಸ್ವಿಚ್ ಸಡಿಲವಾಗಿದ್ದು, ಓಡುತ್ತಿರುವಾಗಲೇ ಅದು ಜಾರಿದರೆ ಎಂಜಿನ್ ಆರಿಹೋಗಿ, ಅಪಘಾತದಲ್ಲಿ ಗಾಳಿಚೀಲವೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಅಯಾನ್ ಇನ್ನೂ ತಯಾರಿಯ ಹಂತದಲ್ಲಿದ್ದ 2001ರಲ್ಲೇ ಈ ದೋಷ ಕಂಪನಿಯೊಳಗೆ ದಾಖಲಾಗಿತ್ತು. ಈ ಸ್ವಿಚ್ ಇದ್ದ ಜಿ.ಎಂ. ಕಾರುಗಳಲ್ಲಿ ಸತ್ತ 124 ಜನರ ಕುಟುಂಬಗಳಿಗೆ ಪರಿಹಾರ ನಿಧಿಯಿಂದ ಹಣ ಸಂದಿತು. ಶೀತಕ ಕೆಟ್ಟಿತೆಂದು ಕಾರನ್ನೇ ಬದಲಿಸಿಕೊಟ್ಟ ಹೆಸರು, ಒಂದು ಸ್ವಿಚ್ ಬದಲಿಸಲು ಹದಿಮೂರು ವರ್ಷ ತೆಗೆದುಕೊಂಡಿತು.

ಸ್ಪ್ರಿಂಗ್ ಹಿಲ್ ಮುಚ್ಚಿ ಹೋಗಲಿಲ್ಲ. 2020ರ ಜನಗಣತಿಯಲ್ಲಿ ಆ ಊರಿನ ಜನಸಂಖ್ಯೆ 50 ಸಾವಿರ. ಕಾರ್ಖಾನೆಯಲ್ಲಿ 2022ರಿಂದ ಕ್ಯಾಡಿಲಾಕ್‌ನ ವಿದ್ಯುತ್ ಕಾರು ಲಿರಿಕ್ ತಯಾರಾಗತೊಡಗಿತು. ಅಲ್ಲಿಗೆ ಹೋಗುವ ಹೆದ್ದಾರಿಗೆ ಮಾತ್ರ ಹಳೆಯ ಹೆಸರೇ ಇದೆ: ಸ್ಯಾಟರ್ನ್ ಪಾರ್ಕ್‌ವೇ.